ದೂರ ನಿಲ್ಲುವ ಎಲೆಕ್ಟ್ರಾನಿನ ಲೆಕ್ಕ: ನನ್ನ ಅನುಭವ

ಒಂದು ತಟಸ್ಥ ಅಣುವಿಗೆ ಇನ್ನೊಂದು ಎಲೆಕ್ಟ್ರಾನ್ ಕೊಟ್ಟರೆ ಅದು ಹಿಡಿದಿಟ್ಟುಕೊಳ್ಳುತ್ತದೆಯೇ? ಹಿಡಿದರೆ ಎಷ್ಟು ಗಟ್ಟಿಯಾಗಿ? ನನ್ನ ಸಂಶೋಧನೆ ಸುತ್ತುವುದು ಈ ಪ್ರಶ್ನೆಗಳ ಸುತ್ತಲೇ. ನಾನು ಥಿಯರಿಯವನು, ಎಲ್ಲವೂ ಕಂಪ್ಯೂಟರಿನಲ್ಲಿ. ಹೀಗೆ ಹೆಚ್ಚುವರಿ ಎಲೆಕ್ಟ್ರಾನ್ ಹಿಡಿದ ಋಣ ಅಯಾನುಗಳ ಲೆಕ್ಕ ಬೇರೆ ಲೆಕ್ಕಗಳಂತಲ್ಲ. ಅದನ್ನು ನಾನು ಹೇಗೆ ಮಾಡುತ್ತೇನೆ ಎಂದು ಇಲ್ಲಿ ಬರೆಯುತ್ತಿದ್ದೇನೆ. ಹೊಸದಾಗಿ ಶುರು ಮಾಡುವವರಿಗೆ ಉಪಯೋಗವಾಗಲಿ ಎಂಬ ಆಸೆ.

ಕ್ಲೋರಿನ್ ಪರಮಾಣು ಹೆಚ್ಚುವರಿ ಎಲೆಕ್ಟ್ರಾನನ್ನು 3.61 ಎಲೆಕ್ಟ್ರಾನ್ ವೋಲ್ಟ್ (ಶಕ್ತಿಯ ಅಳತೆ) ಗಟ್ಟಿತನದಿಂದ ಹಿಡಿಯುತ್ತದೆ. ಇಂಥವು ಸುಲಭ. ನನಗೆ ಇಷ್ಟವಾದದ್ದು ಅಸಿಟೋನೈಟ್ರೈಲ್. ಔಷಧ ಕಂಪನಿಗಳಲ್ಲಿ ಎಚ್‌ಪಿಎಲ್‌ಸಿ (ಮಿಶ್ರಣಗಳನ್ನು ಬೇರ್ಪಡಿಸಿ ನೋಡುವ ಯಂತ್ರ) ಓಡಿಸುವವರಿಗೆಲ್ಲ ಗೊತ್ತಿರುವ ದ್ರಾವಕ ಅದು. ಅದರ ಯಾವ ಆರ್ಬಿಟಲ್‌ನಲ್ಲೂ (ಎಲೆಕ್ಟ್ರಾನ್ ಇರುವ ನೆಲೆ) ಇನ್ನೊಂದು ಎಲೆಕ್ಟ್ರಾನಿಗೆ ಒಳ್ಳೆಯ ಜಾಗ ಇಲ್ಲ. ಆದರೂ ಅದು ಹಿಡಿಯುತ್ತದೆ! ಕಾರಣ ಅದರ ಡೈಪೋಲ್, ಅಂದರೆ ಎರಡು ತುದಿಗಳಲ್ಲಿ ವಿರುದ್ಧ ವಿದ್ಯುದಂಶ ಇರುವುದು. ಅದರ ಅಳತೆ ಸುಮಾರು 3.9 ಡಿಬೈ. ಮೀಥೈಲ್ (ಒಂದು ಕಾರ್ಬನ್, ಮೂರು ಹೈಡ್ರೋಜನ್) ಇರುವ ತುದಿ ಧನ, ನೈಟ್ರೋಜನ್ ತುದಿ ಋಣ. ಎಲೆಕ್ಟ್ರಾನ್ ಮೀಥೈಲ್ ತುದಿಯ ಆಚೆ, ಅಣುವಿನಿಂದ ಸಾಕಷ್ಟು ದೂರದಲ್ಲಿ ತೇಲುತ್ತಾ ಇರುತ್ತದೆ.

ಒಂದು ಜಾಗದಲ್ಲಿ ಕದಲದೆ ನಿಂತ ಡೈಪೋಲ್ ಎಲೆಕ್ಟ್ರಾನನ್ನು ಹಿಡಿಯಲು ಕನಿಷ್ಠ 1.625 ಡಿಬೈ ಬೇಕು ಎಂಬ ಮಾತು ಫರ್ಮಿ ಮತ್ತು ಟೆಲ್ಲರ್ 1947ರಲ್ಲಿ ಪ್ರಕಟಿಸಿದ ಲೇಖನದಲ್ಲೇ ಇದೆ. ನಿಜವಾದ ಅಣು ತಿರುಗುತ್ತಿರುತ್ತದೆ, ಅಲ್ವಾ? ಹಾಗಾಗಿ ಇನ್ನೂ ಜಾಸ್ತಿ ಬೇಕು, ಸುಮಾರು 2.5 ಡಿಬೈ. ನೀರಿನ ಡೈಪೋಲ್ 1.85. ಅದಕ್ಕೇ ಒಂಟಿ ನೀರಿನ ಅಣು ಎಲೆಕ್ಟ್ರಾನನ್ನು ಹಿಡಿಯುವುದಿಲ್ಲ. ಎರಡು ಅಣು ಜೊತೆಯಾದರೆ ಹಿಡಿಯುತ್ತವೆ.

ಈಗ ಕಷ್ಟ ಎಲ್ಲಿದೆ ನೋಡಿ. ಅಸಿಟೋನೈಟ್ರೈಲ್‌ನ ಒಟ್ಟು ಶಕ್ತಿ ಸುಮಾರು 132 ಹಾರ್ಟ್ರಿ. ಅಂದರೆ 3,600 ಎಲೆಕ್ಟ್ರಾನ್ ವೋಲ್ಟ್. ಹೆಚ್ಚುವರಿ ಎಲೆಕ್ಟ್ರಾನಿನ ಬಂಧನ ಶಕ್ತಿ, ಅಂದರೆ ತಟಸ್ಥ ಅಣು ಮತ್ತು ಅಯಾನಿನ ಒಟ್ಟು ಶಕ್ತಿಗಳ ವ್ಯತ್ಯಾಸ, ಮಾತ್ರ 10ರಿಂದ 20 ಮಿಲಿ ಎಲೆಕ್ಟ್ರಾನ್ ವೋಲ್ಟ್. ಎರಡು ಲಕ್ಷದಲ್ಲಿ ಒಂದು ಪಾಲು. ಹತ್ತು ಟನ್ನಿನ ಲಾರಿಯನ್ನು ವೇಬ್ರಿಡ್ಜ್ ಮೇಲೆ ಎರಡು ಸಲ ತೂಗಿ, ಡ್ರೈವರ್ ಜೇಬಿನ ನಿಂಬೆಹಣ್ಣಿನ ತೂಕ ಕಂಡುಹಿಡಿದ ಹಾಗೆ.

ಮೊದಲ ಕೆಲಸ ಬೇಸಿಸ್ ಸೆಟ್, ಅಂದರೆ ಆರ್ಬಿಟಲ್‌ಗಳನ್ನು ಕಟ್ಟಲು ಬಳಸುವ ಗಣಿತದ ಫಂಕ್ಷನ್‌ಗಳ ಗುಂಪು. ಸಾಮಾನ್ಯ ಆಗ್-ಸಿಸಿ-ಪಿವಿಡಿಜೆಡ್ (aug-cc-pVDZ) ಸೆಟ್ ಬಳಸಿ ತಟಸ್ಥ ಅಣುವಿನ ಹಾರ್ಟ್ರಿ-ಫಾಕ್ (ಪ್ರತಿ ಎಲೆಕ್ಟ್ರಾನ್ ಉಳಿದವುಗಳ ಸರಾಸರಿಯನ್ನಷ್ಟೇ ಕಾಣುವ ಲೆಕ್ಕ) ಓಡಿಸಿದರೆ ಅತಿ ಕೆಳಗಿನ ಖಾಲಿ ಆರ್ಬಿಟಲ್‌ನ ಶಕ್ತಿ ಧನವಾಗಿಯೇ ಬರುತ್ತದೆ. ಎಲೆಕ್ಟ್ರಾನ್ ನಿಲ್ಲುವುದಿಲ್ಲ ಎಂದು ಅದರ ಅರ್ಥವಲ್ಲ. ಅಷ್ಟು ದೂರದಲ್ಲಿ ನಿಲ್ಲಲು ನಾವು ಅದಕ್ಕೆ ಜಾಗವನ್ನೇ ಕೊಟ್ಟಿಲ್ಲ. ಕಾರ್ಬನ್‌ನ ಅತ್ಯಂತ ಹರಡಿದ ಎಸ್ ಫಂಕ್ಷನ್‌ನ ಘಾತಾಂಕ ಅದರಲ್ಲಿ 0.0469; ಈ ಸಂಖ್ಯೆ ಚಿಕ್ಕದಾದಷ್ಟೂ ಫಂಕ್ಷನ್ ದೂರಕ್ಕೆ ಹರಡುತ್ತದೆ. ನಾನು ಅದನ್ನು 3.2ರಿಂದ ಭಾಗಿಸುತ್ತಾ ಹೋಗುತ್ತೇನೆ: 0.0147, 0.0046, 0.0014. ಹೀಗೆ ಆರೇಳು ಎಸ್, ಅಷ್ಟೇ ಪಿ, ಕೆಲವು ಡಿ. ಎಲ್ಲವನ್ನೂ ಮೀಥೈಲ್ ಕಾರ್ಬನ್ ಒಂದರ ಮೇಲೇ ಇಡುತ್ತೇನೆ. ಪ್ರತಿ ಪರಮಾಣುವಿನ ಮೇಲೂ ಇಟ್ಟರೆ ಫಂಕ್ಷನ್‌ಗಳು ಒಂದನ್ನೊಂದು ಹೋಲಲು ಶುರುವಾಗುತ್ತವೆ. ಆಗ ಪ್ರೋಗ್ರಾಂ ಸದ್ದಿಲ್ಲದೆ ಕೆಲವನ್ನು ಕಿತ್ತು ಹಾಕುತ್ತದೆ. ಎಷ್ಟು ಕಿತ್ತಿದೆ ಎಂದು ಔಟ್‌ಪುಟ್‌ನಲ್ಲಿ ಬರೆದಿರುತ್ತದೆ; ಆ ಸಾಲನ್ನು ಓದದೆ ನಾನು ಮುಂದೆ ಹೋಗುವುದಿಲ್ಲ. ಈ ಆಯ್ಕೆಯ ಬಗ್ಗೆ ಸ್ಕುರ್ಸ್ಕಿ, ಗುಟೊವ್ಸ್ಕಿ ಮತ್ತು ಸೈಮನ್ಸ್ 2000ದಲ್ಲಿ ಒಂದು ಲೇಖನ ಬರೆದಿದ್ದಾರೆ. ಈ ಕೆಲಸಕ್ಕೆ ಇಳಿಯುವವರು ಮೊದಲು ಓದಬೇಕಾದದ್ದು ಅದೇ ಎನ್ನುವುದು ನನ್ನ ಅಭಿಪ್ರಾಯ.

ಫಂಕ್ಷನ್ ಸೇರಿಸುತ್ತಾ ಹೋದಂತೆ ಆರ್ಬಿಟಲ್ ಶಕ್ತಿ ಇಳಿಯುತ್ತದೆ, ಸೊನ್ನೆ ದಾಟುತ್ತದೆ, ಆಮೇಲೆ ಒಂದು ಕಡೆ ನಿಂತುಬಿಡುತ್ತದೆ. ಹಾಗೆ ನಿಂತರೆ ಮಾತ್ರ ನನಗೆ ನಂಬಿಕೆ. ಚಿತ್ರ ಬಿಡಿಸಿ ನೋಡಿದರೆ ಮೀಥೈಲ್ ಆಚೆ ದೊಡ್ಡ ಮೋಡ. ಅಣುವಿನ ಉದ್ದ ಸುಮಾರು 3 ಆಂಗ್‌ಸ್ಟ್ರಾಂ, ಮೋಡ ಹತ್ತಾರು ಆಂಗ್‌ಸ್ಟ್ರಾಂ. ಎಷ್ಟು ಸಲ ನೋಡಿದರೂ ಈ ಚಿತ್ರ ನನಗೆ ಹಳೆಯದಾಗುವುದಿಲ್ಲ.

ಇಲ್ಲಿಗೆ ಮುಗಿಯಲಿಲ್ಲ. ಹಾರ್ಟ್ರಿ-ಫಾಕ್ ಮಟ್ಟದಲ್ಲಿ ಸಿಗುವುದು ಬಂಧನದ ಅರ್ಧದಷ್ಟು ಮಾತ್ರ. ಉಳಿದದ್ದು ಎಲೆಕ್ಟ್ರಾನ್ ಕೋರಿಲೇಶನ್‌ನಿಂದ ಬರುತ್ತದೆ. ಹೊರಗಿನ ಒಂದು ಎಲೆಕ್ಟ್ರಾನ್ ಅಲುಗಾಡಿದಾಗ ಒಳಗಿನ 22 ಎಲೆಕ್ಟ್ರಾನ್‌ಗಳೂ ಅದಕ್ಕೆ ತಕ್ಕಂತೆ ಸರಿಯುತ್ತವೆ. ಅಷ್ಟು ದೂರ ಇರುವ ಎಲೆಕ್ಟ್ರಾನಿಗೆ ಇದು ಮುಖ್ಯವಾಗಲಾರದು ಎಂದು ಅನಿಸುತ್ತದೆ. ಆದರೆ ಬಂಧನವೇ ಇಷ್ಟು ಸಣ್ಣದಾದಾಗ ಆ ಸಣ್ಣ ಸೆಳೆತವೂ ದೊಡ್ಡದೇ. 1996ರಲ್ಲಿ ಗುಟೊವ್ಸ್ಕಿ, ಸೈಮನ್ಸ್ ಮತ್ತು ಜೊತೆಗಾರರು ಇದನ್ನು ಅಸಿಟೋನೈಟ್ರೈಲ್ ಮೇಲೆಯೇ ತೋರಿಸಿದರು. ನಾನು ಸಿಸಿಎಸ್‌ಡಿ(ಟಿ) ಎಂಬ ಕೋರಿಲೇಶನ್ ಲೆಕ್ಕದ ವಿಧಾನದ ತನಕ ಹೋಗುತ್ತೇನೆ. ಎರಡು ದೊಡ್ಡ ಸಂಖ್ಯೆ ಕಳೆಯುವುದರ ಬದಲು ವ್ಯತ್ಯಾಸವನ್ನೇ ನೇರವಾಗಿ ಲೆಕ್ಕ ಹಾಕುವ ದಾರಿಯೂ ಇದೆ. ಅದಕ್ಕೆ ಈಕ್ವೇಶನ್ಸ್ ಆಫ್ ಮೋಶನ್ ಎಂದು ಹೆಸರು. ಯೂಟಾ ವಿಶ್ವವಿದ್ಯಾಲಯದ ಜ್ಯಾಕ್ ಸೈಮನ್ಸ್ 1973ರಲ್ಲಿ ಸ್ಮಿತ್ ಜೊತೆ ಅದನ್ನು ಋಣ ಅಯಾನುಗಳಿಗೆ ತಂದರು. ಎರಡೂ ದಾರಿಯಲ್ಲಿ ಹೋಗಿ ಉತ್ತರ ಹತ್ತಿರ ಹತ್ತಿರ ಬಂದರೆ ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದೆ. ಸಾಮಾನ್ಯ ಡೆನ್ಸಿಟಿ ಫಂಕ್ಷನಲ್‌ಗಳನ್ನು (ಎಲೆಕ್ಟ್ರಾನ್ ಸಾಂದ್ರತೆಯಿಂದ ಶಕ್ತಿ ಲೆಕ್ಕ ಹಾಕುವ ಸೂತ್ರಗಳು) ಇಂಥ ಅಯಾನುಗಳಿಗೆ ನಾನು ಬಳಸುವುದಿಲ್ಲ. ಅವುಗಳಲ್ಲಿ ಎಲೆಕ್ಟ್ರಾನ್ ತನ್ನನ್ನು ತಾನೇ ತಳ್ಳಿಕೊಳ್ಳುತ್ತದೆ, ದೂರದ ಸೆಳೆತವೂ ಸರಿಯಾಗಿ ಸಿಗುವುದಿಲ್ಲ.

ನಿಲ್ಲದೇ ಹೋಗುವ ಎಲೆಕ್ಟ್ರಾನಿನ ಕಥೆ ಬೇರೆ. ನೈಟ್ರೋಜನ್ ಅಣುವಿಗೆ 2.3 ಎಲೆಕ್ಟ್ರಾನ್ ವೋಲ್ಟ್ ಹತ್ತಿರದ ಎಲೆಕ್ಟ್ರಾನ್ ಬಂದು ಬಡಿದರೆ ಕ್ಷಣ ಮಾತ್ರ ಸಿಕ್ಕಿಕೊಂಡು ಹೊರಟುಹೋಗುತ್ತದೆ. ಇಲ್ಲಿ ಹರಡಿದ ಫಂಕ್ಷನ್‌ಗಳನ್ನು ಸುಮ್ನೆ ಸೇರಿಸಿದರೆ ಎಲೆಕ್ಟ್ರಾನ್ ಅಣುವನ್ನು ಬಿಟ್ಟು ಓಡುತ್ತದೆ. ಕೈಗೆ ಸಿಗುವ ಶಕ್ತಿ ಅಯಾನಿನದ್ದಲ್ಲ, ತಟಸ್ಥ ಅಣು ಮತ್ತು ಬಿಡಿ ಎಲೆಕ್ಟ್ರಾನಿನದ್ದು. ಇದಕ್ಕೆ ನಾನು ಬಳಸುವ ಉಪಾಯ, ನೈಟ್ರೋಜನ್ ಪರಮಾಣುವಿನ ಬೀಜದ (ನ್ಯೂಕ್ಲಿಯಸ್) ವಿದ್ಯುದಂಶವನ್ನು ಸ್ವಲ್ಪ ಏರಿಸುವುದು. 7ರ ಬದಲು 7.2, 7.3, 7.4. ಆಗ ಎಲೆಕ್ಟ್ರಾನ್ ಗಟ್ಟಿಯಾಗಿ ನಿಲ್ಲುತ್ತದೆ. ಆ ಬಿಂದುಗಳ ಮೂಲಕ ಗೆರೆ ಎಳೆದು 7ಕ್ಕೆ ಹಿಂದಿರುಗುತ್ತೇನೆ. ಬಂಧನ ಶಕ್ತಿ ಸೊನ್ನೆಗೆ ತೀರಾ ಹತ್ತಿರವಿರುವ ಬಿಂದುಗಳನ್ನು ಬಿಟ್ಟುಬಿಡಬೇಕು. ಅಲ್ಲಿ ಕೃತಕ ವಿದ್ಯುದಂಶದ ದೂರದ ಸೆಳೆತ ಗೆರೆಯನ್ನು ಬಾಗಿಸುತ್ತದೆ.

ಸಲ್ಫೇಟ್ ಕೂಡ ಇದೇ ಜಾತಿ. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತದಲ್ಲಿ ಇರುವುದು ಅದೇ. ನೀರಿನಲ್ಲಿ, ಹರಳಿನಲ್ಲಿ ಅದು ಹಾಯಾಗಿ ಇರುತ್ತದೆ. ಒಂಟಿಯಾಗಿ ನಿರ್ವಾತದಲ್ಲಿ ಬಿಟ್ಟರೆ ಎರಡು ಋಣ ವಿದ್ಯುದಂಶಗಳ ಜಗಳ ತಾಳಲಾರದೆ ಒಂದು ಎಲೆಕ್ಟ್ರಾನನ್ನು ಉಗುಳಿಬಿಡುತ್ತದೆ. ಉಳಿಯಲು ಕನಿಷ್ಠ ಮೂರು ನೀರಿನ ಅಣುಗಳ ಆಸರೆ ಬೇಕು.

ಈ ಲೆಕ್ಕಗಳೆಲ್ಲ ಯಾಕೆ ಎಂದು ಕೇಳುವವರಿಗೆ ನಾನು ಡಿಎನ್‌ಎ ವಿಷಯ ಹೇಳುತ್ತೇನೆ. ಕೆನಡಾದ ಶೆರ್‌ಬ್ರೂಕ್‌ನಲ್ಲಿ ಲಿಯೋನ್ ಸಾಂಶ್ ಅವರ ಗುಂಪು 2000ದಲ್ಲಿ ಒಂದು ವಿಷಯ ತೋರಿಸಿತು. ವಿಕಿರಣದಿಂದ ಹುಟ್ಟುವ ನಿಧಾನಗತಿಯ ಎಲೆಕ್ಟ್ರಾನ್‌ಗಳೂ ಡಿಎನ್‌ಎ ಎಳೆಯನ್ನು ಕಡಿಯಬಲ್ಲವು. ಎಲೆಕ್ಟ್ರಾನ್ ಮೊದಲು ಬೇಸ್ (ಡಿಎನ್‌ಎಯ ಅಕ್ಷರಗಳಂಥ ಭಾಗ) ಮೇಲೆ ಕೂತು, ಅಲ್ಲಿಂದ ಸಕ್ಕರೆ ಮತ್ತು ಫಾಸ್ಫೇಟ್ ನಡುವಿನ ಕಾರ್ಬನ್-ಆಕ್ಸಿಜನ್ ಬಂಧಕ್ಕೆ ಇಳಿಯಬಹುದು ಎಂದು ಸೈಮನ್ಸ್ ಅವರ ಗುಂಪಿನ ಲೆಕ್ಕಗಳು ತೋರಿಸಿದವು.

ಈಗ ನಾನು ಹಿಡಿದಿರುವುದು ಯುರಾಸಿಲ್, ಆರ್‌ಎನ್‌ಎಯಲ್ಲಿ ಇರುವ ಅಂಥದ್ದೇ ಒಂದು ಬೇಸ್. ಒಂಟಿಯಾಗಿದ್ದಾಗ ಅದು ಎಲೆಕ್ಟ್ರಾನನ್ನು ಡೈಪೋಲ್‌ನಿಂದ ದೂರದಲ್ಲಿ ಹಿಡಿಯುತ್ತದೆ, ಸುಮಾರು 93 ಮಿಲಿ ಎಲೆಕ್ಟ್ರಾನ್ ವೋಲ್ಟ್. ಒಂದೇ ಒಂದು ನೀರಿನ ಅಣು ಪಕ್ಕಕ್ಕೆ ಬಂದರೆ ಎಲೆಕ್ಟ್ರಾನ್ ಅಣುವಿನ ಉಂಗುರದ ಮೇಲೇ ಬಂದು ಕೂರುತ್ತದೆ. ದೂರದ ಸ್ಥಿತಿಗೆ ಹರಡಿದ ಫಂಕ್ಷನ್ ಜಾಸ್ತಿ ಬೇಕು, ಉಂಗುರದ ಸ್ಥಿತಿಗೆ ಕೋರಿಲೇಶನ್ ಜಾಸ್ತಿ ಬೇಕು. ಎರಡಕ್ಕೂ ನ್ಯಾಯ ಒದಗಿಸುವ ಒಂದೇ ಬೇಸಿಸ್ ಸೆಟ್ ಕಟ್ಟುವುದು ಸದ್ಯ ನನ್ನ ದಿನದ ಕೆಲಸ.