ಮೆಲ್ಬರ್ನ್‌ನಲ್ಲಿ ನೀಲಿ ದೀಪ ಕಂಡರೆ 40ಕ್ಕೆ ಇಳಿಸಿ

ದಾವಣಗೆರೆಯಿಂದ ಮೆಲ್ಬರ್ನ್‌ಗೆ ಬರುವ ನಮ್ಮ ಹುಡುಗರಿಗೆ ಸೀಟ್ ಬೆಲ್ಟ್, ಸಿಗ್ನಲ್ ಬಗ್ಗೆ ಹೇಳಿಕೊಡಬೇಕಿಲ್ಲ. ಅವರು ಮತ್ತೆ ಮತ್ತೆ ದಂಡ ಕಟ್ಟುವುದು ಬೇರೆ ವಿಷಯಕ್ಕೆ.

ಪೊಲೀಸ್ ಗಾಡಿಯೋ ಆಂಬುಲೆನ್ಸೋ ಕೆಂಪು, ನೀಲಿ ದೀಪ ಮಿನುಗಿಸುತ್ತಾ ರಸ್ತೆ ಬದಿ ನಿಂತಿದೆ ಅನ್ನಿ. ವಿಕ್ಟೋರಿಯಾ ರಾಜ್ಯದಲ್ಲಿ ಅದನ್ನು ದಾಟುವಾಗ ನಿಮ್ಮ ವೇಗ 40 ಕಿ.ಮೀ. ಮೀರುವಂತಿಲ್ಲ. ನೂರರ ಫ್ರೀವೇ ಆದರೂ ಅಷ್ಟೇ. 2017ರ ಜುಲೈಯಿಂದ ಈ ನಿಯಮ ಇದೆ. ಪಕ್ಕದ ಲೇನ್‌ಗೆ ಸರಿದರೆ ಸಾಕು ಅಂತ ತಿಳಿಯುವವರೇ ಜಾಸ್ತಿ. ನನ್ನ ಅಕ್ಕನ ಮಗ ಹಾಗೇ ಬಲಕ್ಕೆ ಸರಿದ, ವೇಗ ಮಾತ್ರ ಇಳಿಸಲಿಲ್ಲ. ಇನ್ನೂರು ಡಾಲರಿಗೂ ಜಾಸ್ತಿ ದಂಡ ಬಿತ್ತು. ಪಾರ್ಟ್‌ಟೈಮ್ ಕೆಲಸ ಮಾಡಿಕೊಂಡು ಓದುವ ಹುಡುಗ, ಪಾಪ.

ಹಾಗಂತ ದೀಪ ಕಂಡ ಕೂಡಲೇ ಗಕ್ಕನೆ ಬ್ರೇಕ್ ಒತ್ತಬೇಡಿ, ಹಿಂದಿನವನು ಬಂದು ಗುದ್ದುತ್ತಾನೆ. ದೂರಕ್ಕೇ ಕಣ್ಣಿಟ್ಟಿರಿ. ಮೊದಲು ಕನ್ನಡಿ ನೋಡಿ, ಆಮೇಲೆ ಮೆತ್ತಗೆ ಇಳಿಸುತ್ತಾ ಬನ್ನಿ. ದಾಟಿದ ತಕ್ಷಣ ಆಕ್ಸಿಲರೇಟರ್ ತುಳಿಯಲೂಬಾರದು. ಅಲ್ಲಿ ನಿಂತವರಿಂದ ಸಾಕಷ್ಟು ದೂರ ಹೋಗಬೇಕು. ನಡುವೆ ಡಿವೈಡರ್ ಇದ್ದು ಗಾಡಿ ಆ ಕಡೆ ನಿಂತಿದ್ದರೆ ನಿಮಗೆ ಅನ್ವಯಿಸುವುದಿಲ್ಲ. ಸೌತ್ ಆಸ್ಟ್ರೇಲಿಯಾಕ್ಕೆ ಹೋದರೆ ಇನ್ನೂ ಕಡಿಮೆ, 25.

ಇದು ಅತಿಯಾಯಿತು ಅನ್ನುವವರಿಗೆ ಒಂದು ಮಾತು. 2020ರ ಏಪ್ರಿಲ್‌ನಲ್ಲಿ ಇಲ್ಲಿನ ಈಸ್ಟರ್ನ್ ಫ್ರೀವೇಯಲ್ಲಿ ಒಂದು ಕಾರನ್ನು ಬದಿಗೆ ನಿಲ್ಲಿಸಿಕೊಂಡಿದ್ದ ನಾಲ್ವರು ಪೊಲೀಸರ ಮೇಲೆ ಲಾರಿ ಹರಿಯಿತು. ನಾಲ್ವರೂ ಸತ್ತರು.

ಇನ್ನು ಬೂಜ್ ಬಸ್, ಅಂದರೆ ಕುಡಿದು ಓಡಿಸುವವರನ್ನು ಹಿಡಿಯಲು ಪೊಲೀಸರು ರಸ್ತೆ ಬದಿ ನಿಲ್ಲಿಸುವ ಬಸ್. ಕೋನ್ ಇಟ್ಟು, ದೀಪ ಹಾಕಿ, ಎಲ್ಲರ ಉಸಿರೂ ಪರೀಕ್ಷಿಸುತ್ತಾರೆ. ಕುಡಿದಿದ್ದಾರೆಂಬ ಅನುಮಾನವೇ ಬೇಕಿಲ್ಲ. ಹದಡಿ ರಸ್ತೆಯಲ್ಲಿ ಪೊಲೀಸರು ಕಂಡರೆ ಪಕ್ಕದ ಕ್ರಾಸ್‌ಗೆ ಬೈಕ್ ತಿರುಗಿಸುವ ಅಭ್ಯಾಸವನ್ನು ಊರಲ್ಲೇ ಬಿಟ್ಟು ಬನ್ನಿ. ಊದಲ್ಲ ಅಂದರೆ ಲೈಸೆನ್ಸ್ ಕನಿಷ್ಠ 2 ವರ್ಷ ಹೋಗುತ್ತದೆ. ಕಾರಿಂದ ಇಳಿದು ಸಾಹೇಬರ ಹತ್ತಿರ ಹೋಗಿ ಮಾತಾಡುವುದು ನಮ್ಮಲ್ಲಿ ಮರ್ಯಾದೆ. ಇಲ್ಲಿ ಹಾಗೆ ಮಾಡಬೇಡಿ. ಗಾಜು ಇಳಿಸಿ, ಕೈ ಸ್ಟೀರಿಂಗ್ ಮೇಲಿಟ್ಟು ಕೂತಿರಿ. ಅವರೇ ಬರುತ್ತಾರೆ.

ತಡೆ ಹಾಕುವ ರೀತಿ ಇಲ್ಲಿನದೇ ಮೇಲು. ಚಿತ್ರದುರ್ಗದ ಕಡೆ ಹೆದ್ದಾರಿಯಲ್ಲಿ ರಾತ್ರಿ ಹೊತ್ತು ಬ್ಯಾರಿಕೇಡ್ ತೀರಾ ಹತ್ತಿರ ಬಂದ ಮೇಲೆ ಕಂಡು ಎದೆ ಝಲ್ಲೆಂದವರು ಒಪ್ಪುತ್ತಾರೆ. ಕುಡಿತದ ಮಿತಿಯಲ್ಲಿ ಮಾತ್ರ ನಮ್ಮ ಕಾನೂನೇ ಸರಿ: ಅಲ್ಲಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ, ಇಲ್ಲಿ 50. ಆದರೆ ಎಲ್, ಪಿ ಪ್ಲೇಟ್ ಹಾಕಿಕೊಂಡವರಿಗೆ, ಅಂದರೆ ಕಲಿಯುವವರಿಗೂ ಹೊಸದಾಗಿ ಲೈಸೆನ್ಸ್ ಪಡೆದವರಿಗೂ, ಇಲ್ಲಿ ಸೊನ್ನೆ. ರಾತ್ರಿ ಪಾರ್ಟಿಯಲ್ಲಿ ಕುಡಿದದ್ದು ಬೆಳಿಗ್ಗೆ ಕೆಲಸಕ್ಕೆ ಹೊರಟಾಗಲೂ ಉಸಿರಲ್ಲಿ ಉಳಿದಿರಬಹುದು. ಅಂಥ ದಿನ ಟ್ರೈನಲ್ಲಿ ಹೋಗಿ.