ಬೇಸಿಗೆಯ ಉತ್ಸವಗಳಲ್ಲಿ ಪರಂಪರೆಯ ಟೇಬಲ್: ಪತ್ತನಾಜೆಯ ಒಳಗೆ ಮಾಡಿ ಮುಗಿಸುವುದು ಹೇಗೆ?

ಊರಿನ ಹಳೆ ಫೋಟೊ, ತಾಳೆಗರಿ, ಹಂಚು, ಹಿರಿಯರ ನೆನಪು ಇವನ್ನೆಲ್ಲ ಉಳಿಸಬೇಕು ಅಂತ ನಾಲ್ಕೈದು ಜನ ಸೇರಿ ಟ್ರಸ್ಟ್ ಮಾಡಿಕೊಂಡಿರುತ್ತಾರೆ. ನೋಂದಣಿ ಆಗಿರುತ್ತದೆ, ಲೋಗೊ ಆಗಿರುತ್ತದೆ, ವಾಟ್ಸ್‌ಆ್ಯಪ್ ಗುಂಪೂ ಇರುತ್ತದೆ. ಆದರೆ ಪಕ್ಕದ ಮನೆಯವರಿಗೇ ಅದರ ಬಗ್ಗೆ ಗೊತ್ತಿರುವುದಿಲ್ಲ. ಊರಿನ ಉತ್ಸವದಲ್ಲಿ ಒಂದು ಟೇಬಲ್ ಹಾಕಿ ಜನರ ಹತ್ತಿರ ಹೋಗಬೇಕು ಅಂತಿದ್ದರೆ ಮಂಗಳೂರು, ಉಡುಪಿ ಕಡೆ ಬೇಸಿಗೆಗಿಂತ ಒಳ್ಳೆ ಸಮಯ ಇಲ್ಲ.

ಯಾಕೆ ಅಂತ ಹೇಳುತ್ತೇನೆ. ಎಪ್ರಿಲ್, ಮೇ ಅಂದರೆ ಊರಲ್ಲಿ ದಿನಾ ಏನಾದರೂ ಒಂದು ಕಾರ್ಯಕ್ರಮ. ಮುಂಬೈಯಲ್ಲಿ ನೆಲೆಸಿದವರು ಮಕ್ಕಳಿಗೆ ರಜೆ ಅಂತ ಊರಿಗೆ ಬಂದಿರುತ್ತಾರೆ. ಮಳೆಗೆ ಮೊದಲು ಮಾಡು ರಿಪೇರಿ ಮಾಡಿಸುವವರ ಮನೆಯಲ್ಲಿ ಅಟ್ಟದ ಮೇಲಿದ್ದ ಪೆಟ್ಟಿಗೆಗಳೆಲ್ಲ ಕೆಳಗೆ ಬಂದಿರುತ್ತವೆ, ಅದರಲ್ಲಿ ಏನಿದೆ ಅಂತ ಒಂದು ಸಲ ತೆರೆದು ನೋಡುವುದೂ ಆಗಲೇ. ಜೂನ್ ಬಂತು ಅಂದರೆ ಗಾಳಿಯಲ್ಲೇ ನೀರು. ಆಲ್ಬಮ್‌ಗೆ ಬೂಸ್ಟು ಹಿಡಿಯುತ್ತದೆ, ಫೋಟೊಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾಗಾಗಿ ಕೆಲಸ ಆಗಬೇಕಾದ್ದು ಈ ಎರಡು ತಿಂಗಳಲ್ಲಿ.

ಮೊದಲು ದಿನ ಗುರುತು ಹಾಕಿ

ನಮ್ಮ ಬೇಸಿಗೆಯ ಕೊನೆ ಗೆರೆ ಪತ್ತನಾಜೆ. ತುಳು ತಿಂಗಳು ಬೇಶದ ಹತ್ತನೇ ದಿನ, ಅಂದರೆ ಮೇ 24ರ ಆಸುಪಾಸು. ಅಲ್ಲಿಗೆ ದೈವಗಳ ಆರಾಧನೆಯ ಕೋಲ, ನೇಮ ನಿಲ್ಲುತ್ತದೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಅಂದರೆ ತಿರುಗಾಟ ಮುಗಿಸುತ್ತವೆ. ಆ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿ. ಎಪ್ರಿಲ್ 18 ವಿಶ್ವ ಪರಂಪರೆಯ ದಿನ, ಮೇ 18 ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ. ಎರಡೂ ನಮ್ಮ ಸೀಸನ್‌ನಲ್ಲೇ ಬರುತ್ತವೆ. ಶಾಲೆ, ಗ್ರಂಥಾಲಯ, ಪಂಚಾಯತಿಗೆ ಪತ್ರ ಬರೆಯುವಾಗ ಈ ದಿನಗಳ ಹೆಸರು ಹೇಳಿದರೆ ಒಪ್ಪಿಸುವುದು ಸುಲಭ.

ಇನ್ನು ಯಾವ ಕಾರ್ಯಕ್ರಮಕ್ಕೆ ಹೋಗಬೇಕು? ಜನ ಜಾಸ್ತಿ ಸೇರುವಲ್ಲಿಗೆ ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಪಣಂಬೂರು, ಮಲ್ಪೆ ಬೀಚ್ ಉತ್ಸವದಲ್ಲಿ ಜನ ಕಡಲಿಗೆ ಮುಖ ಮಾಡಿ ಬಂದಿರುತ್ತಾರೆ, ಗಾಳಿಗೆ ಕಾಗದ ನಿಲ್ಲುವುದಿಲ್ಲ, ಉಪ್ಪು ತೇವಕ್ಕೆ ಫೋಟೊ ಹಾಳು. ಅಲ್ಲಿ ಮಕ್ಕಳ ಆಟ, ಚಟುವಟಿಕೆ ಮಾಡಬಹುದು, ಅಷ್ಟೆ. ಹಲಸು ಮೇಳ ಪರವಾಗಿಲ್ಲ, ಅಲ್ಲಿಗೆ ಬರುವವರಿಗೆ ಹಳೆ ಅಡುಗೆ, ಹಳೆ ತಳಿಗಳ ಬಗ್ಗೆ ಮಾತಾಡುವ ಮನಸ್ಸಿರುತ್ತದೆ. ಬೇಸಿಗೆ ಶಿಬಿರದ ಕೊನೆ ದಿನ ಅಪ್ಪ ಅಮ್ಮ, ಅಜ್ಜ ಅಜ್ಜಿ ಎಲ್ಲ ಬರುತ್ತಾರೆ, ಅದೂ ಒಳ್ಳೆಯದು. ಆದರೆ ಎಲ್ಲಕ್ಕಿಂತ ಒಳ್ಳೆಯದು ಊರ ಶಾಲೆಯ ಶತಮಾನೋತ್ಸವ ಮತ್ತು ದೇವಸ್ಥಾನದ ಬ್ರಹ್ಮಕಲಶೋತ್ಸವ. ಶಾಲೆಗೆ ಬರುವ ಹಳೆ ವಿದ್ಯಾರ್ಥಿ ನೆನಪು ಹೊತ್ತುಕೊಂಡೇ ಬಂದಿರುತ್ತಾನೆ, ನೀವು ಒಂದು ಫೋಟೊ ಮುಂದಿಟ್ಟರೆ ಸಾಕು. ಬ್ರಹ್ಮಕಲಶದಲ್ಲಿ ಊರವರು ಅಕ್ಕಿ, ತೆಂಗಿನಕಾಯಿ ತಂದೊಪ್ಪಿಸುವ ಹೊರೆಕಾಣಿಕೆಯಿಂದ ಹಿಡಿದು ದಿನಗಟ್ಟಲೆ ಊರಿಗೆ ಊರೇ ಅಲ್ಲಿರುತ್ತದೆ.

ಮೀನುಗಾರರ ಮನೆಗಳ ನೆನಪು ಬೇಕಿದ್ದರೆ ಮಾತ್ರ ಮೇ ತಿಂಗಳಲ್ಲಿ ಅವರನ್ನು ಕಾಡಬೇಡಿ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ. ಅದಕ್ಕೆ ಮೊದಲು ಅವರಿಗೆ ಪುರುಸೊತ್ತಿರುವುದಿಲ್ಲ. ಬೇಸಿಗೆಯಲ್ಲಿ ಪರಿಚಯ ಮಾಡಿಕೊಂಡು ಬನ್ನಿ, ಮಾತಿಗೆ ಮಳೆಗಾಲದಲ್ಲಿ ಕೂರಿ.

ಸಮಿತಿಯ ಜತೆ ಮಾತು

ಉತ್ಸವ ಸಮಿತಿಯ ಕಾರ್ಯದರ್ಶಿಯನ್ನು ಕಂಡು ಒಂದು ಪುಟದ ಪತ್ರ ಕೊಡಿ. ಎಷ್ಟು ಜಾಗ, ಎಷ್ಟು ಹೊತ್ತು, ಕರೆಂಟ್ ಬೇಕೋ ಬೇಡವೋ, ಹಣ ಸಂಗ್ರಹ ಮಾಡುತ್ತೀರೋ ಇಲ್ಲವೋ, ಇಷ್ಟಿದ್ದರೆ ಸಾಕು. ಪ್ಲಾಸ್ಟಿಕ್ ಫ್ಲೆಕ್ಸ್ ಮಾಡಿಸಬೇಡಿ, ರಾಜ್ಯದಲ್ಲಿ 2016ರಿಂದಲೇ ಅದಕ್ಕೆ ನಿಷೇಧ ಇದೆ. ಬಟ್ಟೆ ಬ್ಯಾನರ್ ಬರೆಸಿದರೆ ಐದಾರು ವರ್ಷ ಬರುತ್ತದೆ. ನಿಮ್ಮದೇ ಮೈಕ್ ಬೇಡ. ವೇದಿಕೆಯ ನಿರೂಪಕರಿಗೆ ತುಳುವಿನಲ್ಲಿ ಮೂರು ಸಾಲು ಬರೆದು ಕೊಡಿ, ಓದಲು ಹೇಳಿ.

ಜಾಗ ಕೇಳುವಾಗ ಸ್ವಲ್ಪ ಯೋಚನೆ ಮಾಡಿ. ಮುಖ್ಯ ದ್ವಾರದ ಹತ್ತಿರ ಬೇಡ, ಅಲ್ಲಿ ಎಲ್ಲರಿಗೂ ಅವಸರ. ಊಟದ ಚಪ್ಪರಕ್ಕೆ ಹೋಗುವ ದಾರಿಯೂ ಬೇಡ. ಊಟ ಮುಗಿಸಿ ಕೈ ತೊಳೆದು ಜನ ನೆರಳು ಹುಡುಕಿಕೊಂಡು ಕೂರುವ ಜಾಗ ಒಂದಿರುತ್ತದೆ, ಮಾವಿನ ಮರದ ಅಡಿಯೋ ಶಾಲೆಯ ಜಗಲಿಯೋ. ಅದನ್ನು ಕೇಳಿ. ಯಕ್ಷಗಾನ ಬಯಲಾಟ ಆದರೆ ಆಟ ಶುರುವಾಗುವ ಒಂದು ಗಂಟೆ ಮೊದಲು ನಿಮ್ಮ ಸಮಯ. ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಚೌಕಿಯ ಹತ್ತಿರ ಟೇಬಲ್ ಹಾಕಿ ಕಲಾವಿದರಿಗೆ ತೊಂದರೆ ಕೊಡಬೇಡಿ.

ಬಯಲಿನ ಕಾರ್ಯಕ್ರಮ ಆದರೆ ಮಧ್ಯಾಹ್ನ 12ರಿಂದ 4ರವರೆಗೆ ಸುಮ್ನೆ ಬಿಸಿಲಲ್ಲಿ ಕೂತು ಪ್ರಯೋಜನ ಇಲ್ಲ. ಸಂಜೆ ನಾಲ್ಕೂವರೆಯ ಮೇಲೆ ಇಡಿ.

ಟೇಬಲ್ ಮೇಲೆ ಏನಿರಬೇಕು

ಇಲ್ಲೇ ಎಲ್ಲ ಇರುವುದು. ಹೆಚ್ಚಿನವರು ಸಂಸ್ಥೆಯ ಕರಪತ್ರ, ಅಧ್ಯಕ್ಷರ ಫೋಟೊ, ಜತೆಗೆ ಸಾವಿರ ಕಂಬದ ಬಸದಿಯ ಮತ್ತು ಅಲೋಶಿಯಸ್ ಚಾಪೆಲ್‌ನ ಚಿತ್ರ ಹಾಕಿ ಕೂರುತ್ತಾರೆ. ಅವು ಎಲ್ಲರೂ ನೋಡಿದ ಜಾಗಗಳು. ಜನ "ಹೌದು ಹೌದು" ಅಂದು ಮುಂದೆ ಹೋಗುತ್ತಾರೆ. ಮಾತು ಹುಟ್ಟಬೇಕಾದರೆ ಅವರಿಗೆ ಗೊತ್ತಿದ್ದು ನಿಮಗೆ ಗೊತ್ತಿಲ್ಲದ್ದು ಏನಾದರೂ ಮೇಜಿನ ಮೇಲಿರಬೇಕು.

ನನ್ನ ಮೆಚ್ಚಿನದು ಹೆಸರಿಲ್ಲದ ಫೋಟೊ. ಅದೇ ಊರಿನ ಹಳೆ ಗುಂಪು ಫೋಟೊ ಒಂದು ಹುಡುಕಿ, ಶಾಲೆಯ ಗೋಡೆಯಲ್ಲಿ, ಸಹಕಾರಿ ಸಂಘದ ಕಚೇರಿಯಲ್ಲಿ, ಭಜನಾ ಮಂದಿರದಲ್ಲಿ ಇದ್ದೇ ಇರುತ್ತದೆ. ಅನುಮತಿ ಕೇಳಿ ಪ್ರತಿ ಮಾಡಿಕೊಳ್ಳಿ, ಎ3 ಅಳತೆಗೆ ಪ್ರಿಂಟ್ ತೆಗೆಸಿ. ಅದರ ಮೇಲೆ ತೆಳು ಪಾರದರ್ಶಕ ಹಾಳೆ ಇಟ್ಟು ಪ್ರತಿ ತಲೆಗೂ ಒಂದು ನಂಬರ್ ಹಾಕಿ. ಪಕ್ಕದಲ್ಲಿ ನಂಬರ್ ಬರೆದ ನೋಟ್‌ಬುಕ್, ಪೆನ್ಸಿಲ್. ಮೇಲೆ ಒಂದೇ ಸಾಲು: "ಇವರು ಯಾರು ಗೊತ್ತಾ?" ಜನ ನಿಲ್ಲುತ್ತಾರೆ. ಒಬ್ಬರು ಏಳನೇ ನಂಬರ್ ನಮ್ಮ ದೊಡ್ಡಪ್ಪ ಅನ್ನುತ್ತಾರೆ, ಇನ್ನೊಬ್ಬರು ಅಲ್ಲ, ಅವರ ತಮ್ಮ ಅನ್ನುತ್ತಾರೆ. ಎರಡನ್ನೂ ಬರೆದುಕೊಳ್ಳಿ, ಯಾರು ಹೇಳಿದ್ದು ಅಂತಲೂ ಬರೆದುಕೊಳ್ಳಿ. ಅಲ್ಲೇ ತೀರ್ಪು ಕೊಡಬೇಡಿ. ಫೋಟೊದಲ್ಲಿರುವ ಹೆಂಗಸರ ಹೆಸರನ್ನು ವಿಶೇಷವಾಗಿ ಕೇಳಿ, ಯಾಕೆಂದರೆ ಶಾಲೆ, ಸಂಘದ ದಾಖಲೆಗಳಲ್ಲಿ ಅವರ ಹೆಸರು ಸಿಗುವುದು ಕಡಿಮೆ.

ಎರಡನೆಯದು ಮುಟ್ಟಿ ನೋಡುವ ವಸ್ತು. ಹಳೆ ಹಂಚು ಒಂದು ಸಾಕು. ಬಾಸೆಲ್ ಮಿಶನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ನೇತ್ರಾವತಿ, ಗುರುಪುರ ನದಿ ದಡಗಳಲ್ಲಿ ಊರಿನವರದೂ ಎಷ್ಟೋ ಕಾರ್ಖಾನೆಗಳು ಎದ್ದವು. ಹಂಚನ್ನು ಮಗುಚಿದರೆ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. "ನಿಮ್ಮ ಮನೆ ಮಾಡಿನ ಹಂಚಿನಲ್ಲಿ ಯಾವ ಹೆಸರಿದೆ, ನೋಡಿ ಹೇಳ್ತೀರಾ?" ಅಂತ ಕೇಳಿ. ಮನೆಗೆ ಹೋಗಿ ಫೋಟೊ ತೆಗೆದು ಕಳಿಸುವವರಿದ್ದಾರೆ. ಮಾಡು ರಿಪೇರಿ ನಡೆಯುವ ಮೇ ತಿಂಗಳಲ್ಲಿ ಇದು ಇನ್ನೂ ಸುಲಭ.

ಮೂರನೆಯದು ಮಕ್ಕಳಿಗೆ. ತುಳು ಲಿಪಿಯಲ್ಲಿ ಹೆಸರು ಬರೆದುಕೊಡುವ ಟೇಬಲ್ ಎದುರು ಮಕ್ಕಳ ಸಾಲು ತಪ್ಪುವುದಿಲ್ಲ. ಹಿಂದೆ ನಮ್ಮ ಕಡೆ ಸಂಸ್ಕೃತ ತಾಳೆಗರಿಗಳನ್ನೂ ಹೆಚ್ಚಾಗಿ ಬರೆದಿದ್ದು ಇದೇ ಲಿಪಿಯಲ್ಲಿ. ಕಂಪ್ಯೂಟರ್, ಮೊಬೈಲ್‌ಗಳು ಅಕ್ಷರ ಗುರುತಿಸಲು ಬಳಸುವ ಯುನಿಕೋಡ್ ಪಟ್ಟಿಯ 2024ರ ಸೆಪ್ಟೆಂಬರ್‌ನಲ್ಲಿ ಬಂದ 16ನೇ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೆ ಜಾಗ ಸಿಕ್ಕಿದೆ, ಇದನ್ನು ಮಕ್ಕಳಿಗೆ ಹೇಳಿ, ಕಣ್ಣರಳಿಸುತ್ತಾರೆ. ಬರೆಯುವವರು ಒತ್ತಕ್ಷರ ಸರಿಯಾಗಿ ಕಲಿತವರೇ ಆಗಿರಲಿ. ತಪ್ಪಾಗಿ ಬರೆದ ಹೆಸರನ್ನು ಮಗು ಗೋಡೆಗೆ ಅಂಟಿಸಿಕೊಳ್ಳುತ್ತದೆ.

ಗುಳಿಗಳಲ್ಲಿ ಕಾಯಿ ಹಾಕಿ ಆಡುವ ಚೆನ್ನೆಮಣೆಯನ್ನೂ ಇಡಬಹುದು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. "ಇದು ಆಟಿಯಲ್ಲಿ ಆಡುವುದಲ್ವಾ, ಈಗ ಯಾಕೆ ತೆಗೆದಿರಿ?" ಅಂತ ಯಾರಾದರೂ ಅಜ್ಜಿ ಕೇಳಿಯೇ ಕೇಳುತ್ತಾರೆ. ಆಟಿ ಅಂದರೆ ಮಳೆಗಾಲದ ತುಳು ತಿಂಗಳು. ಆಗ ಅವರಿಗೆ ಕುರ್ಚಿ ಕೊಟ್ಟು ಕೂರಿಸಿ. ಆಟದ ನಿಯಮ, ಯಾರು ಯಾರ ಜತೆ ಆಡಬಾರದು ಅನ್ನುವ ಕಟ್ಟಳೆ, ಅದರ ಹಿಂದಿನ ಕಥೆ ಎಲ್ಲ ಅವರಿಂದಲೇ ಬರುತ್ತದೆ.

ಇಡಬಾರದ್ದನ್ನೂ ಸ್ಪಷ್ಟವಾಗಿ ಹೇಳಬೇಕು. ದೈವದ ಅಣಿ (ಬೆನ್ನಿಗೆ ಕಟ್ಟುವ ಅಲಂಕಾರ), ಗಗ್ಗರ (ಕಾಲಿನ ಗೆಜ್ಜೆಬಳೆ), ಮುಖವಾಡ ಇವನ್ನು ಸೆಲ್ಫಿ ತೆಗೆಯಲು ಟೇಬಲ್ ಮೇಲೆ ಜೋಡಿಸಬೇಡಿ, ಅದರ ಮಾದರಿಯನ್ನೂ ಬೇಡ. ಅದು ನಂಬಿಕೆಯ ವಿಷಯ, ದೈವದ ವೇಷ ಕಟ್ಟಿಕೊಂಡು ಬಂದ ಕುಟುಂಬಗಳು ಇವತ್ತೂ ನಮ್ಮ ನಡುವೆ ಇವೆ. ಕೋಲ ನಡೆಯುವಲ್ಲಿ ಮಾಹಿತಿ ಬೇಕಿದ್ದರೆ ಗುತ್ತಿನವರನ್ನು, ಅಂದರೆ ಊರಿನ ಹಿರಿಯ ಮನೆತನದವರನ್ನು, ನರ್ತಕ ಕುಟುಂಬದವರನ್ನು ಬೇರೆ ದಿನ ಮನೆಗೆ ಹೋಗಿ ಕೇಳಿ.

ಯಾರು ನಿಲ್ಲಬೇಕು

ಮೂರು ಜನ ಸಾಕು. ಒಬ್ಬರು ಮಾತಿಗೆ, ಒಬ್ಬರು ಬರೆಯಲು, ಒಬ್ಬರು ಮಕ್ಕಳಿಗೆ. ಒಬ್ಬರಿಗಾದರೂ ತುಳು ನೀರು ಕುಡಿದಷ್ಟು ಸುಲಭವಾಗಿ ಬರಬೇಕು. ಕೊಂಕಣಿ, ಬ್ಯಾರಿ ಮಾತಾಡುವ ಓಣಿಗಳಿಗೆ ಹೋಗುವಾಗ ಆ ಭಾಷೆಯವರನ್ನು ಜತೆಗೆ ಕರೆದುಕೊಳ್ಳಿ, ಕುಂದಾಪುರ ಕಡೆ ಆದರೆ ಅಲ್ಲಿನ ಕನ್ನಡದವರನ್ನು. ಶುದ್ಧ ಪುಸ್ತಕದ ಕನ್ನಡದಲ್ಲಿ "ಪರಂಪರೆಯ ಸಂರಕ್ಷಣೆ" ಅಂತ ಶುರು ಮಾಡಿದರೆ ಹಿರಿಯರು ಕೈಮುಗಿದು ಎದ್ದು ಹೋಗುತ್ತಾರೆ. "ಅಜ್ಜಾ, ಈ ಶಾಲೆಗೆ ನೀವು ನಡೆದುಕೊಂಡು ಬರುತ್ತಿದ್ದಿರಾ? ದಾರಿಯಲ್ಲಿ ಹೊಳೆ ದಾಟಬೇಕಿತ್ತಾ?" ಅಂತ ಕೇಳಿ ನೋಡಿ. ಬೆಲ್ಲ, ನೀರು ಇಟ್ಟುಕೊಳ್ಳಿ. ಸೆಕೆಗೆ ಅದಕ್ಕಿಂತ ಒಳ್ಳೆ ಸ್ವಾಗತ ನಮ್ಮೂರಲ್ಲಿ ಇಲ್ಲ.

ಫೋನ್ ನಂಬರ್ ಬರೆಸಿಕೊಳ್ಳುವಾಗ ಯಾಕೆ ಅಂತ ಹೇಳಿ, ಒಪ್ಪಿದರೆ ಮಾತ್ರ ಬರೆಸಿ. ಕೇಳದೆ ಗುಂಪಿಗೆ ಸೇರಿಸಬೇಡಿ. ಮಾತು ರೆಕಾರ್ಡ್ ಮಾಡುವುದಾದರೂ ಹಾಗೆಯೇ.

ದೇಣಿಗೆ ಕೊಡುತ್ತೇನೆ ಅಂದರೆ ರಶೀದಿ ಪುಸ್ತಕ, ಕ್ಯೂಆರ್ ಕೋಡ್ ಇರಲಿ. ನಿಮ್ಮ ಸಂಸ್ಥೆಗೆ ದೇಣಿಗೆಯ ತೆರಿಗೆ ರಿಯಾಯಿತಿಯ ಮಾನ್ಯತೆ (80ಜಿ ಅಂತ ಕರೆಯುವುದು) ಇದ್ದರೂ 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ ಅವರಿಗೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ, ಮೊದಲೇ ತಿಳಿಸಿ.

ಯಾರಾದರೂ ವಸ್ತುವನ್ನೇ ತಂದರೆ

ಮೂಲ ವಸ್ತುವನ್ನು ಉತ್ಸವದಲ್ಲಿ ತೆಗೆದುಕೊಳ್ಳಬೇಡಿ. ಎಷ್ಟೇ ಪ್ರೀತಿಯಿಂದ ಕೊಟ್ಟರೂ ಬೇಡ. ಬಿಸಿಲು, ಧೂಳು, ನೂರು ಕೈ. ಅಲ್ಲೇ ಮೊಬೈಲ್‌ನಲ್ಲಿ ಒಂದು ಗುರುತಿನ ಫೋಟೊ ತೆಗೆದು, ಹೆಸರು, ಊರು ಬರೆದು, ಮನೆಗೆ ಬರುವ ದಿನ ಗೊತ್ತು ಮಾಡಿ.

ತಾಳೆಗರಿ ಕಟ್ಟು ತಂದರೆ ಗಾಳಿಯಲ್ಲಿ ಬಿಚ್ಚಬೇಡಿ, ಎಣ್ಣೆ ಹಚ್ಚಬೇಡಿ, ನೀರಿನಲ್ಲಿ ಒರೆಸಬೇಡಿ. ಹತ್ತಿ ಬಟ್ಟೆಯಲ್ಲಿ ಸುತ್ತಿ ಕಳಿಸಿ, ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಹಸ್ತಪ್ರತಿ ಬಲ್ಲವರನ್ನು ಕರೆದುಕೊಂಡು ಅವರ ಮನೆಗೇ ಹೋಗಿ. ಹಳೆ ವಿಗ್ರಹ, ಕಂಚಿನ ಸಾಮಾನು "ಕೊಂಡುಕೊಳ್ಳುತ್ತೀರಾ" ಅಂತ ಕೇಳುವವರೂ ಬರುತ್ತಾರೆ. ಕೊಳ್ಳಬೇಡಿ, ಬೆಲೆಯನ್ನೂ ಹೇಳಬೇಡಿ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಇಂಥ ವಸ್ತುಗಳು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳು ಪುರಾತನ ವಸ್ತು ಅನಿಸಿಕೊಳ್ಳುತ್ತವೆ, ಅದರ ವ್ಯಾಪಾರಕ್ಕೆ ಪರವಾನಗಿ ಬೇಕು.

ವಾರದೊಳಗೆ ಫೋನ್, ಮಳೆಗೆ ಮೊದಲು ಸ್ಕ್ಯಾನ್

ಉತ್ಸವ ಮುಗಿದ ಮೇಲಿನ ವಾರ ಉತ್ಸವಕ್ಕಿಂತ ಮುಖ್ಯ. ನಂಬರ್ ಕೊಟ್ಟವರಿಗೆ ಏಳು ದಿನದೊಳಗೆ ಫೋನ್ ಮಾಡಿ. ಮುಂಬೈಯವರಿಗೆ ಮೊದಲು, ಅವರ ರೈಲಿನ ಟಿಕೆಟ್ ಆಗಿರುತ್ತದೆ. ಆಲ್ಬಮ್ ಇರುವುದು ಇಲ್ಲಿನ ಮನೆಯಲ್ಲಿ, ಫೋಟೊದಲ್ಲಿ ಯಾರಿದ್ದಾರೆ ಅಂತ ಹೇಳಬಲ್ಲ ಅತ್ತೆ ಇರುವುದು ಡೊಂಬಿವಲಿಯಲ್ಲಿ, ಎರಡೂ ಒಟ್ಟಿಗೆ ಸಿಗುವುದು ಈ ರಜೆಯಲ್ಲಿ ಮಾತ್ರ.

ಮನೆಗೆ ಹೋಗುವಾಗ ಲ್ಯಾಪ್‌ಟಾಪ್, ಫ್ಲ್ಯಾಟ್‌ಬೆಡ್ ಸ್ಕ್ಯಾನರ್, ಒಣ ಮೆತ್ತಗಿನ ಬಟ್ಟೆ ಇರಲಿ. ಚಿಕ್ಕ ಫೋಟೊಗಳನ್ನು 600 ಡಿಪಿಐನಲ್ಲಿ (ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನುವ ಲೆಕ್ಕ), ಎ4 ಕಾಗದಪತ್ರಗಳನ್ನು 300ರಲ್ಲಿ ಸ್ಕ್ಯಾನ್ ಮಾಡಿ. ಇಟ್ಟುಕೊಳ್ಳಲು ಗುಣಮಟ್ಟ ಕಡಿಮೆಯಾಗದ ಟಿಫ್ ಫೈಲ್, ಹಂಚಲು ಚಿಕ್ಕದಾದ ಜೆಪೆಗ್ ಫೈಲ್. ಹಿಂಬದಿಯನ್ನೂ ಮಾಡಿ, ಸ್ಟುಡಿಯೊದ ಮುದ್ರೆ, ಕೈಬರಹ, ತಾರೀಕು ಇರುವುದು ಅಲ್ಲೇ. ಅಂಟು ಪುಟದ ಆಲ್ಬಮ್‌ನಿಂದ ಫೋಟೊ ಕೀಳಬೇಡಿ, ಪುಟ ಸಮೇತ ಸ್ಕ್ಯಾನ್ ಮಾಡಿ. ಗಾಜಿಗೆ ಅಂಟಿದ್ದನ್ನು ಎಬ್ಬಿಸಲು ಹೋಗಬೇಡಿ, ಫ್ಲ್ಯಾಶ್ ಇಲ್ಲದೆ ಕ್ಯಾಮೆರಾದಲ್ಲಿ ಓರೆಯಿಂದ ಬೆಳಕು ಬೀಳುವಂತೆ ಮಾಡಿ ತೆಗೆಯಿರಿ. ಪ್ರತಿಗಳು ಮೂರು ಕಡೆ ಇರಲಿ, ಅದರಲ್ಲಿ ಒಂದು ಬೇರೆ ಊರಿನಲ್ಲಿ ಅಥವಾ ಕ್ಲೌಡ್‌ನಲ್ಲಿ.

ಮನೆಯವರಿಗೆ ಅವತ್ತೇ ಪೆನ್‌ಡ್ರೈವ್‌ನಲ್ಲಿ ಪ್ರತಿ ಕೊಟ್ಟು ಬನ್ನಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಫೋಟೊ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಸ್ಪಷ್ಟತೆ ಹೋಗುತ್ತದೆ. ಯಾವ ಫೋಟೊ ಎಲ್ಲರಿಗೂ ತೋರಿಸಬಹುದು, ಯಾವುದು ಬೇಡ ಅಂತ ಅವರಿಂದಲೇ ಬರೆಸಿ ಸಹಿ ಹಾಕಿಸಿಕೊಳ್ಳಿ. ಮದುವೆ ಫೋಟೊ ತೋರಿಸಿ, ಸಾವಿನ ಮನೆಯ ಫೋಟೊ ಬೇಡ ಅನ್ನುವವರು ಇರುತ್ತಾರೆ, ಅದನ್ನು ಹಾಗೇ ಪಾಲಿಸಬೇಕು.

ನೋಟ್‌ಬುಕ್‌ನಲ್ಲಿ ಸೇರಿದ ಹೆಸರುಗಳನ್ನು ಜೂನ್‌ನಲ್ಲಿ ಕೂತು ಕಂಪ್ಯೂಟರ್‌ಗೆ ಹಾಕಿ. ಆಟಿಯಲ್ಲಿ, ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ಒಳಗೆ, ಅದೇ ಶಾಲೆಯ ಹಾಲ್‌ನಲ್ಲಿ ಒಂದು ಮಧ್ಯಾಹ್ನ ಆ ಫೋಟೊಗಳನ್ನು ಹೆಸರು ಸಮೇತ ಹಾಕಿ ಊರವರನ್ನು ಕರೆಯಿರಿ. ಹೆಸರು ಸಿಗದ ತಲೆಗಳ ನಂಬರ್ ಹಾಗೇ ಬಿಡಿ, ಪೆನ್ಸಿಲನ್ನೂ ಪಕ್ಕದಲ್ಲಿಡಿ.