ಫೋರ್ಕ್‌ಲಿಫ್ಟ್ ಬ್ಯಾಟರಿಯ ಕನೆಕ್ಟರ್ ಬದಲಿಸುವ ಕ್ರಮ

ಗೋದಾಮಿನ ಎಲೆಕ್ಟ್ರಿಕ್ ಫೋರ್ಕ್‌ಲಿಫ್ಟ್‌ನ ಬ್ಯಾಟರಿ ಕನೆಕ್ಟರ್ ಕೈ ಇಡಲಾಗದಷ್ಟು ಬಿಸಿಯಾಗುತ್ತಿದೆ ಎಂದು ಚಾಲಕರು ಹೇಳಿದ ದಿನವೇ ಆ ಗಾಡಿಯನ್ನು ಬದಿಗೆ ನಿಲ್ಲಿಸಬೇಕು. ತಾಮ್ರ ತಾಮ್ರವನ್ನು ಮುಟ್ಟುವ ಜಾಗದಲ್ಲಿ ರೋಧ ಹೆಚ್ಚಿರುವುದೇ ಈ ಬಿಸಿಗೆ ಕಾರಣ. 200 ಆಂಪಿಯರ್ ಹರಿಯುವಾಗ ಅರ್ಧ ಮಿಲಿಓಮ್ ರೋಧದಿಂದ 20 ವ್ಯಾಟ್ ಶಾಖ ಹುಟ್ಟುತ್ತದೆ. ರೋಧ ಎರಡು ಮಿಲಿಓಮ್‌ಗೆ ಏರಿದರೆ ಅದು 80 ವ್ಯಾಟ್ ಆಗುತ್ತದೆ. ಅಂದರೆ ಮೊಬೈಲ್ ರಿಪೇರಿಯವರು ಬಳಸುವ 25 ವ್ಯಾಟ್‌ನ ಮೂರು ಸೋಲ್ಡರಿಂಗ್ ಐರನ್‌ಗಳನ್ನು ಕನೆಕ್ಟರ್‌ನ ಪ್ಲಾಸ್ಟಿಕ್ ಗೂಡಿನೊಳಗೆ ಇಟ್ಟಂತೆ.

ಹೊಸದನ್ನು ತರುವಾಗ ಅಳತೆಯ ಜೊತೆಗೆ ಬಣ್ಣವನ್ನೂ ನೋಡಬೇಕು. ಆಂಡರ್ಸನ್ ಕಂಪನಿಯ ಎಸ್‌ಬಿ ಮಾದರಿಯ ಕನೆಕ್ಟರ್‌ಗಳಲ್ಲಿ 24 ವೋಲ್ಟ್‌ಗೆ ಕೆಂಪು, 36ಕ್ಕೆ ಬೂದು, 48ಕ್ಕೆ ನೀಲಿ ಬಣ್ಣ ರೂಢಿಯಲ್ಲಿದ್ದು, ತಪ್ಪು ಚಾರ್ಜರ್‌ಗೆ ಸಿಕ್ಕಿಸದಂತೆ ಬೇರೆ ಬಣ್ಣದ ಗೂಡುಗಳು ಒಂದಕ್ಕೊಂದು ಕೂಡದ ಹಾಗೆ ಅಚ್ಚು ಹಾಕಿರುತ್ತಾರೆ. ಆ ಅಡ್ಡಿಯನ್ನು ಚಾಕುವಿನಿಂದ ಕೆತ್ತಿ ಕೂಡಿಸುವುದನ್ನು ಎಂದಿಗೂ ಮಾಡಬಾರದು. ಒಳಗಿನ ಕಾಂಟ್ಯಾಕ್ಟ್‌ನ (ಕೇಬಲ್ ತುದಿಗೆ ಹಾಕುವ ತಾಮ್ರದ ತುಂಡಿನ) ಕೊಳವೆ ನಿಮ್ಮ ಕೇಬಲ್‌ನ ದಪ್ಪಕ್ಕೆ ಸರಿಯಾಗಿರಲಿ.

ಚಾರ್ಜರ್ ಆಫ್ ಮಾಡಿ, ಬ್ಯಾಟರಿಯನ್ನು ಗಾಡಿಯಿಂದ ಬಿಡಿಸಿ, ಉಂಗುರ ಮತ್ತು ಗಡಿಯಾರ ತೆಗೆದಿಟ್ಟು ಕೆಲಸ ಆರಂಭಿಸಿ. ಬ್ಯಾಟರಿಗೆ ಸ್ವಿಚ್ ಎಂಬುದಿಲ್ಲ, ಆ ತುದಿಗಳಲ್ಲಿ ಸದಾ ವಿದ್ಯುತ್ ಇರುತ್ತದೆ. ಆದ್ದರಿಂದ ಎರಡೂ ಕೇಬಲ್‌ಗಳನ್ನು ಒಟ್ಟಿಗೆ ಕತ್ತರಿಸಿದರೆ ಕಟರ್‌ನ ಬಾಯಲ್ಲೇ ಶಾರ್ಟ್ ಆಗುತ್ತದೆ. ಒಂದನ್ನು ಕತ್ತರಿಸಿ, ಹೊಸ ಕಾಂಟ್ಯಾಕ್ಟ್ ಹಾಕಿ, ಟೇಪ್ ಸುತ್ತಿ ಮುಚ್ಚಿದ ಮೇಲಷ್ಟೇ ಇನ್ನೊಂದನ್ನು ಮುಟ್ಟಿ.

ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವುದು ಕ್ರಿಂಪಿಂಗ್, ಅಂದರೆ ಕೊಳವೆಯನ್ನು ಒತ್ತಿ ಕೇಬಲ್ ಅದರೊಳಗೆ ಬಿಗಿಯಾಗುವಂತೆ ಮಾಡುವುದು. ಒಂದೂ ಎಳೆ ತುಂಡಾಗದಂತೆ ಸಿಪ್ಪೆ ಸುಲಿದು, ತಾಮ್ರ ಕೊಳವೆಯ ತಳ ಮುಟ್ಟುವವರೆಗೆ ತೂರಿಸಿ, ಆ ಅಳತೆಯ ಡೈ (ಒತ್ತುವ ಅಚ್ಚು) ಇರುವ ಹೈಡ್ರಾಲಿಕ್ ಉಪಕರಣದಿಂದ ಒತ್ತಬೇಕು. ನಾನು ಬಿಚ್ಚಿ ನೋಡಿದ ಒಂದು ಸುಟ್ಟ ಕನೆಕ್ಟರ್‌ನಲ್ಲಿ ಕೊಳವೆಯನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿದ್ದರು. ಎಳೆಗಳು ಕಪ್ಪಾಗಿ, ಬೆರಳಿಂದ ಎಳೆದರೆ ಪೊರಕೆಕಡ್ಡಿಯಂತೆ ಒಂದೊಂದೇ ಹೊರಬಂದವು. ಬರೀ ಬೆಸುಗೆಯನ್ನು ನೆಚ್ಚುವುದೂ ಸರಿಯಲ್ಲ, ಏಕೆಂದರೆ ಕರಗಿದ ಬೆಸುಗೆ ಲೋಹ ಎಳೆಗಳೊಳಗೆ ಏರಿ ಕೇಬಲನ್ನು ಸೆಡೆಸುತ್ತದೆ, ಗಾಡಿಯ ಅದುರಿಗೆ ಕೇಬಲ್ ಅಲ್ಲಿಯೇ ಮುರಿಯುತ್ತದೆ.

ಗೂಡಿನ ಮೇಲಿನ + ಮತ್ತು − ಗುರುತು ನೋಡಿ ಕಾಂಟ್ಯಾಕ್ಟನ್ನು ಒಳಗೆ ತಳ್ಳಿದಾಗ ಟಕ್ ಎಂದು ಸ್ಪ್ರಿಂಗ್ ಮೇಲೆ ಕೂರಬೇಕು. ಹಿಂದಕ್ಕೆ ಎಳೆದು ಪರೀಕ್ಷಿಸಿ, ಕೂಡಿಸುವ ಮುನ್ನ ಮಲ್ಟಿಮೀಟರ್‌ನಿಂದ ಧ್ರುವಗಳನ್ನು ಖಚಿತಪಡಿಸಿಕೊಳ್ಳಿ. ಕನೆಕ್ಟರ್‌ನ ಗಾಡಿಯ ಬದಿಯ ಅರ್ಧವನ್ನೂ ಬದಲಿಸಿ, ಚಾರ್ಜರ್ ಬದಿಯದನ್ನೂ ಬಿಚ್ಚಿ ನೋಡಿ. ಖರ್ಚು ಹೆಚ್ಚೆಂದು ಇದನ್ನು ಬಿಡುವವರೇ ಬಹಳ, ಆದರೆ ಬೆಳ್ಳಿ ಲೇಪ ಸುಟ್ಟುಹೋದ ಹಳೆಯ ಮೈ ಹೊಸದನ್ನೂ ಕೆಡಿಸುತ್ತದೆ.

ಕೊನೆಗೆ ಚಾರ್ಜ್ ಆಗುತ್ತಿರುವಾಗ, ಗೂಡಿನ ಹಿಂಬದಿಯಿಂದ ಒಂದೇ ಧ್ರುವದ ಎರಡು ಕೊಳವೆಗಳ (ಬ್ಯಾಟರಿ ಬದಿಯದು ಮತ್ತು ಚಾರ್ಜರ್ ಬದಿಯದು) ನಡುವಿನ ಮಿಲಿವೋಲ್ಟ್ ಅಳೆಯಿರಿ. 60 ಆಂಪಿಯರ್‌ನಲ್ಲಿ ಅರ್ಧ ಮಿಲಿಓಮ್‌ಗೆ 30 ಮಿಲಿವೋಲ್ಟ್ ಬರುತ್ತದೆ. ಒಂದು ಧ್ರುವದ ಅಂಕಿ ಇನ್ನೊಂದಕ್ಕಿಂತ ಎದ್ದು ಕಾಣುವಷ್ಟು ಹೆಚ್ಚಿದ್ದರೆ ಆ ಕ್ರಿಂಪನ್ನು ಕತ್ತರಿಸಿ ಮತ್ತೆ ಮಾಡಿ. ಆಗಲೂ ಚಾರ್ಜರ್ ಆಫ್ ಮಾಡದೆ ಕನೆಕ್ಟರ್ ಎಳೆಯಬೇಡಿ: ಸೀಸ-ಆಮ್ಲ ಬ್ಯಾಟರಿಯಿಂದ ಏಳುವ ಹೈಡ್ರೋಜನ್ ಗಾಳಿಯಲ್ಲಿ ಶೇ. 4ರಷ್ಟು ಸೇರಿದ್ದರೂ ಎಳೆದಾಗ ಹಾರುವ ಕಿಡಿಗೆ ಹೊತ್ತಿಕೊಳ್ಳುತ್ತದೆ.